ಡೈರೆಕ್ಟರರ ಹೊಣೆಯೂ ಷೇರುದಾರರ ಹಕ್ಕೂ

ಮಾರ್ಚಿ ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಕಂಪೆನಿಗಳು ಸೆಪ್ಟೆಂಬರು ಮುಗಿಯುವುದರೊಳಗಾಗಿ ತಮ್ಮ ಷೇರುದಾರರ ವಾರ್ಷಿಕ ಸಭೆಯನ್ನು ನೆರವೇರಿಸತಕ್ಕದ್ದೆಂಬುದು ಕಾಯಿದೆಯ ವಿಧಿಯಾಗಿದೆ. ಹಿಂದೆ ಈ ಸಭೆಗಳ ನೋಟೀಸನ್ನೂ ಅಢಾವೆ ಪತ್ರಿಕೆಯನ್ನೂ ಅಂಚೆಯವನು ಮನೆಯ ಜಗುಲಿಗೆ ತಂದುಹಾಕುತ್ತಿದ್ದನು. ಈಗ ಅವು ಈ-ಮೇಲಿನಲ್ಲಿ ಬಂದು ಬೀಳುತ್ತವೆ. ನಮ್ಮ ವಾಚಕ ಮಹಾಶಯರಲ್ಲಿ ಬಹುಮಂದಿ ಅವನ್ನು ತೆರೆದೂ ನೋಡುವುದಿಲ್ಲವೆಂದು ನಾವು ಹೇಳಿದರೆ ಯಾರೂ ಕೋಪಿಸಿಕೊಳ್ಳಲಾರರು. ಸಭೆಗೆ ಹೋದರೆ ಒಂದು ಲೋಟ ಕಾಫಿಯೂ ಒಂದು ಪೊಟ್ಟಣ ಸಿಹಿಯೂ ದೊರೆಯುತ್ತಿದ್ದ ಕಾಲವೊಂದಿತ್ತು. 2020ರಿಂದೀಚೆಗೆ ಅನೇಕ ಕಂಪೆನಿಗಳ ಸಭೆಗಳು ವೀಡಿಯೋ ಮೂಲಕವೇ ನಡೆಯತೊಡಗಿ ಆ ಆಕರ್ಷಣೆಯೂ ತಪ್ಪಿದೆ.

ಆದರೆ ಈ ಉದಾಸೀನಕ್ಕೆ ಷೇರುದಾರನೊಬ್ಬನನ್ನೇ ದೂರುವುದು ನ್ಯಾಯವಾಗದು. ಜವಾಬ್ದಾರಿ ಸರ್ಕಾರವೆಂದರೇನೆಂಬುದನ್ನು ನಮ್ಮ ದೇಶದವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಹಣ ಕೊಡುವವನು ಪ್ರಜೆ. ಅದನ್ನು ವೆಚ್ಚ ಮಾಡುವವನು ಮಂತ್ರಿ. ಮಂತ್ರಿಯು ಪ್ರಜೆಗೆ ಲೆಕ್ಕ ಒಪ್ಪಿಸಬೇಕು, ಒಪ್ಪಿಸಲಾರದೆ ಹೋದರೆ ಪದವಿಯಿಂದಿಳಿಯಬೇಕು. ಕಂಪೆನಿಯ ವಿಚಾರದಲ್ಲಿಯೂ ಸೂತ್ರವು ಇದೇ. ವ್ಯತ್ಯಾಸವಿಷ್ಟೆ: ಮಂತ್ರಿಗಳನ್ನು ಪ್ರಶ್ನಿಸಲು ಶಾಸನಸಭೆಯುಂಟು, ಪತ್ರಿಕೆಗಳುಂಟು, ಡೈರೆಕ್ಟರರನ್ನು ಪ್ರಶ್ನಿಸಲು ಷೇರುದಾರನಿಗೆ ಉಳಿದಿರುವುದು ವರ್ಷಕ್ಕೊಂದು ಸಭೆ ಮತ್ತು ಕಾಯಿದೆಯ ಕೆಲವು ಕಲಮುಗಳು. ಆ ಕಲಮುಗಳ ಬೆಲೆಯೇನು ಎಂಬುದೇ ನಾವು ಇಂದು ವಿಚಾರಿಸಬೇಕೆಂದಿರುವ ಸಂಗತಿ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪೆನಿಯ ವೃತ್ತಾಂತವನ್ನು ವಾಚಕರು ಮರೆತಿರಲಾರರು. ಆದಾಗ್ಯೂ ಅದರಲ್ಲಿ ಜನರು ನೆನಪಿಟ್ಟಿರುವ ಭಾಗ ಒಂದು, ನೆನಪಿಡಬೇಕಾದ ಭಾಗ ಮತ್ತೊಂದು. 2008ನೆಯ ಡಿಸೆಂಬರು 16ರಂದು ಆ ಕಂಪೆನಿಯ ಡೈರೆಕ್ಟರರ ಮಂಡಲಿಯು ಸೇರಿ, ಮೇಟಾಸ್ ಎಂಬ ಹೆಸರಿನ ಎರಡು ಸಂಸ್ಥೆಗಳನ್ನು ಒಟ್ಟು 160 ಕೋಟಿ ಡಾಲರುಗಳಿಗೆ ಕೊಂಡುಕೊಳ್ಳಲು ಒಪ್ಪಿಗೆಯಿತ್ತಿತು. ಒಂದು ಸಂಸ್ಥೆ ಭೂಮಿ ಮತ್ತು ಕಟ್ಟಡಗಳದು, ಇನ್ನೊಂದು ರಸ್ತೆ ಮುಂತಾದ ಕಾಮಗಾರಿಗಳದು. ಸತ್ಯಂ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಓದಿದರೆ ಮೇಟಾಸ್ ಆಗುತ್ತದೆ; ಈ ಹೆಸರೇ ಸಾಕಷ್ಟು ಎಚ್ಚರಿಕೆಯಾಗಿದ್ದಿತೆಂದು ಈಗ ಹೇಳುವುದು ಸುಲಭ. ಸತ್ಯಂನಲ್ಲಿ ಸ್ಥಾಪಕ ರಾಮಲಿಂಗ ರಾಜು ಅವರ ಮನೆತನದ ಪಾಲು ಆ ವೇಳೆಗೆ ಶೇಕಡ 10ಕ್ಕಿಂತ ಕಡಮೆಯಾಗಿದ್ದಿತು. ಮೇಟಾಸಿನಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಿದ್ದಿತು. ಎಂದರೆ, ಹಲವರ ಹಣದಿಂದ ಒಂದು ಮನೆಯವರ ಸ್ವತ್ತನ್ನು ಕ್ರಯಕ್ಕೆ ತೆಗೆದುಕೊಳ್ಳುವ ಏರ್ಪಾಡು. ಷೇರುದಾರರನ್ನು ಯಾರೂ ಕೇಳಲಿಲ್ಲ.

ಆ ಮಂಡಲಿಯಲ್ಲಿ ಸಾಮಾನ್ಯರು ಕುಳಿತಿರಲಿಲ್ಲ. ಭಾರತ ಸರ್ಕಾರದ ಸಂಪುಟ ಕಾರ್ಯದರ್ಶಿಗಳಾಗಿದ್ದವರೊಬ್ಬರು, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು, ಹೈದರಾಬಾದಿನ ಹೆಸರಾಂತ ವ್ಯಾಪಾರಶಿಕ್ಷಣ ಸಂಸ್ಥೆಯ ಮುಖ್ಯಸ್ಥರು ಅದರಲ್ಲಿದ್ದರು. ಇವರಲ್ಲಿ ಹೆಚ್ಚಿನವರು ‘ಸ್ವತಂತ್ರ’ ಡೈರೆಕ್ಟರರು. ಆದರೂ ಠರಾವು ಅಂಗೀಕೃತವಾಯಿತು. ಅದೇ ರಾತ್ರಿ ನ್ಯೂಯಾರ್ಕಿನ ಪೇಟೆಯಲ್ಲಿ ಸತ್ಯಂ ಷೇರಿನ ಬೆಲೆ ಅರ್ಧಕ್ಕಿಂತಲೂ ಕೆಳಕ್ಕೆ ಕುಸಿಯಿತು. ದೊಡ್ಡ ಹೂಡಿಕೆದಾರರು ಕೂಗಾಡಿದರು. ಮರುದಿನ ಬೆಳಗಾಗುವಷ್ಟರಲ್ಲಿ ಠರಾವನ್ನು ಹಿಂತೆಗೆದುಕೊಂಡದ್ದಾಯಿತು. ಮೂರು ವಾರಗಳ ಮೇಲೆ, 2009ನೆಯ ಜನವರಿ 7ರಂದು, ರಾಜು ಅವರು ತಪ್ಪೊಪ್ಪಿಗೆಯ ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕು ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದೂ, ಆ ಹುಸಿಯನ್ನು ನಿಜವಾದ ಸ್ವತ್ತಿನಿಂದ ತುಂಬುವ ಕಡೆಯ ಪ್ರಯತ್ನವೇ ಮೇಟಾಸ್ ವ್ಯವಹಾರವೆಂದೂ ಅದರಲ್ಲಿ ಹೇಳಿದ್ದಿತು. ಷೇರಿನ ಬೆಲೆ ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗಿ ಇಳಿದು 40 ರೂಪಾಯಿಗಳ ಹತ್ತಿರ ನಿಂತಿತು.

ಇಲ್ಲಿಯವರೆಗಿನದು ಎಲ್ಲರಿಗೂ ತಿಳಿದದ್ದು. ಸರ್ಕಾರದವರು ಎರಡು ಮೂರು ದಿನಗಳಲ್ಲಿಯೇ ಹಳೆಯ ಮಂಡಲಿಯನ್ನು ತೆಗೆದುಹಾಕಿ ಹೊಸಬರನ್ನು ನೇಮಿಸಿದ್ದು, ಏಪ್ರಿಲಿನಲ್ಲಿ ಟೆಕ್ ಮಹೀಂದ್ರ ಸಂಸ್ಥೆಯು ಷೇರಿಗೆ 58 ರೂಪಾಯಿಗಳಂತೆ ಹರಾಜಿನಲ್ಲಿ ಗೆದ್ದು ಅದನ್ನು ಉಳಿಸಿದ್ದು, ಇವುಗಳನ್ನು ನಾವು ಮೆಚ್ಚತಕ್ಕದ್ದೇ ಸರಿ. ಸಾವಿರಾರು ನೌಕರರ ಅನ್ನ ಉಳಿಯಿತು. 2015ನೆಯ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಜು ಅವರಿಗೂ ಮತ್ತೆ ಒಂಬತ್ತು ಮಂದಿಗೂ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳೇ ಅಪೀಲಿನ ಮೇಲೆ ಶಿಕ್ಷೆ ತಡೆದು ಜಾಮೀನೂ ದೊರೆಯಿತು. ಅಪರಾಧದ ಶಿಕ್ಷೆ ಬೇರೆ, ನಷ್ಟ ತುಂಬಿಕೊಡುವುದು ಬೇರೆ. ಕಳ್ಳನು ಸೆರೆಗೆ ಹೋದ ಮಾತ್ರಕ್ಕೆ ಕಳೆದ ಕೊಪ್ಪರಿಗೆ ಮನೆಗೆ ಬಂದಂತಾಗದು.

ನಷ್ಟದ ವಿಚಾರದಲ್ಲಿ ಏನಾಯಿತೆಂಬುದೇ ನಾವು ಹೇಳಿದ ನೆನಪಿಡಬೇಕಾದ ಭಾಗ. ಸತ್ಯಂನ ಷೇರುಗಳು ಮುಂಬಯಿಯಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಮಾರಾಟವಾಗುತ್ತಿದ್ದವು. ನ್ಯೂಯಾರ್ಕಿನಲ್ಲಿ ಕೊಂಡವರು ಅಲ್ಲಿಯ ಪದ್ಧತಿಯಂತೆ ಎಲ್ಲರ ಪರವಾಗಿ ಒಂದೇ ಸಾಮೂಹಿಕ ದಾವೆ ಹೂಡಿದರು. 2011ರಲ್ಲಿ ರಾಜಿಯಾಗಿ, ಕಂಪೆನಿಯು 12 ಕೋಟಿ 50 ಲಕ್ಷ ಡಾಲರುಗಳನ್ನೂ, ಆಡಿಟರರಾಗಿದ್ದ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯವರು 2 ಕೋಟಿ 55 ಲಕ್ಷ ಡಾಲರುಗಳನ್ನೂ ಕೊಡಲೊಪ್ಪಿದರು. ಅದೇ ಸುಳ್ಳು ಲೆಕ್ಕವನ್ನು ನಂಬಿ ಅದೇ ಕಂಪೆನಿಯ ಷೇರನ್ನು ಬೆಂಗಳೂರಿನಲ್ಲೋ ಗುಂಟೂರಿನಲ್ಲೋ ಕುಳಿತು ಕೊಂಡ ನಮ್ಮ ನಿವೃತ್ತ ಉಪಾಧ್ಯಾಯನಿಗೆ ಹಾಗೆ ಹೋಗಲು ದಾರಿಯೇ ಇರಲಿಲ್ಲ. ಹೂಡಿಕೆದಾರರ ಸಂಘವೊಂದು ಗ್ರಾಹಕರ ರಾಷ್ಟ್ರೀಯ ಆಯೋಗದಲ್ಲಿ ಸುಮಾರು 5,000 ಕೋಟಿ ರೂಪಾಯಿಗಳ ಪರಿಹಾರ ಬೇಡಿತು. ಅಲ್ಲಿ ಅದು ನಿಲ್ಲಲಿಲ್ಲ. ಸುಪ್ರೀಂ ಕೋರ್ಟಿಗೆ ಹೋಯಿತು. 2009ರಲ್ಲಿಯೇ ಅಲ್ಲಿಂದಲೂ ಬರಿಗೈಯಲ್ಲಿ ಹಿಂದಿರುಗಿತು.

ಇಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕೆಯವರಿಗೆ ಕೊಟ್ಟ ಆ 12 ಕೋಟಿ 50 ಲಕ್ಷ ಡಾಲರು ಯಾರ ಹಣ? ತಪ್ಪು ಮಾಡಿದ ಡೈರೆಕ್ಟರರ ಮನೆಯಿಂದ ಬಂದುದಲ್ಲ. ಕಂಪೆನಿಯ ಬೊಕ್ಕಸದಿಂದ ಹೋಯಿತು. ಕಂಪೆನಿಯ ಬೊಕ್ಕಸವೆಂದರೆ ಆ ದಿನ ಷೇರು ಹಿಡಿದಿದ್ದವರ ಹಣ. ಹೀಗಾಗಿ, ತನಗೆ ಪರಿಹಾರ ಸಿಗದೆಹೋದ ಭಾರತೀಯ ಷೇರುದಾರನು, ಸಾಗರದಾಚೆಯ ಷೇರುದಾರನ ಪರಿಹಾರಕ್ಕೆ ತನ್ನ ಪಾಲಿನ ವಂತಿಗೆಯನ್ನು ತೆತ್ತಂತಾಯಿತು. ಅಮೆರಿಕೆಯವರ ಮೇಲೆ ನಮಗೆ ಮತ್ಸರವಿಲ್ಲ. ಅವರು ತಮ್ಮ ಪ್ರಜೆಗಳಿಗೆ ಮಾಡಿಕೊಟ್ಟಿದ್ದ ಅನುಕೂಲವನ್ನು, ಸ್ವಂತ ರಾಜ್ಯಾಂಗವನ್ನು ಬರೆದುಕೊಂಡು ಅರುವತ್ತು ವರ್ಷಗಳಾಗುತ್ತ ಬಂದಿದ್ದ ನಾವು ನಮ್ಮ ಪ್ರಜೆಗಳಿಗೆ ಏಕೆ ಮಾಡಿಕೊಟ್ಟಿರಲಿಲ್ಲವೆಂಬುದೇ ನಮ್ಮ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕಲು 1843ರ ಇಂಗ್ಲೆಂಡಿಗೆ ಹೋಗಬೇಕು. ಮ್ಯಾಂಚೆಸ್ಟರಿನ ಬಳಿ ವಿಕ್ಟೋರಿಯಾ ಪಾರ್ಕ್ ಎಂಬ ಬಡಾವಣೆಯನ್ನು ನಿರ್ಮಿಸಲು ಒಂದು ಕಂಪೆನಿ ಏರ್ಪಟ್ಟಿದ್ದಿತು. ಅದರ ಡೈರೆಕ್ಟರರು ತಮ್ಮ ಸ್ವಂತ ಜಮೀನನ್ನು ಹೆಚ್ಚಿನ ಬೆಲೆಗೆ ಕಂಪೆನಿಗೇ ಮಾರಿದರೆಂದು ಇಬ್ಬರು ಷೇರುದಾರರು ದಾವೆ ಹೂಡಿದರು. ನ್ಯಾಯಾಧಿಪತಿ ವಿಗ್ರಂ ಅವರು, ಅನ್ಯಾಯವಾಗಿದ್ದರೆ ಅದು ಕಂಪೆನಿಗೆ ಆದದ್ದು, ಫಿರ್ಯಾದು ಮಾಡಬೇಕಾದುದು ಕಂಪೆನಿಯೇ ಹೊರತು ಬಿಡಿ ಷೇರುದಾರರಲ್ಲವೆಂದು ತೀರ್ಮಾನಿಸಿ ಅವರನ್ನು ಹೊರಗೆ ಕಳುಹಿಸಿದರು. ಫಾಸ್ ಮತ್ತು ಹಾರ್ಬಟಲ್ ಮೊಕದ್ದಮೆಯೆಂದು ವಕೀಲರೆಲ್ಲ ಬಲ್ಲ ಈ ತೀರ್ಪಿನಲ್ಲಿ ತರ್ಕವಿಲ್ಲದಿಲ್ಲ. ನೂರು ಜನ ನೂರು ದಾವೆ ಹೂಡಿದರೆ ವ್ಯಾಪಾರ ನಡೆಯದು. ಆದರೆ ಕಂಪೆನಿಯ ಪರವಾಗಿ ದಾವೆ ಹೂಡುವ ಅಧಿಕಾರವಿರುವುದು ಯಾರಿಗೆ? ಅದೇ ಡೈರೆಕ್ಟರರಿಗೆ. ತನ್ನ ಮೇಲೆ ತಾನೇ ಫಿರ್ಯಾದು ಮಾಡಿಕೊಳ್ಳುವ ಧರ್ಮರಾಯರು ಎಲ್ಲ ಮಂಡಲಿಗಳಲ್ಲಿಯೂ ಸಿಕ್ಕಲಾರರಷ್ಟೆ. ವಿಕ್ಟೋರಿಯಾ ಪಾರ್ಕಿನ ಜಮೀನಿಗೂ ಮೇಟಾಸಿನ ಜಮೀನಿಗೂ ನಡುವೆ 165 ವರ್ಷಗಳು ಕಳೆದರೂ ಯುಕ್ತಿಯು ಮಾತ್ರ ಬದಲಾಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇಂಗ್ಲಿಷರ ಕಾನೂನಿನ ಅಚ್ಚಿನಲ್ಲಿಯೇ ನಮ್ಮ 1913ರ ಕಂಪೆನಿ ಕಾಯಿದೆ ಎರಕವಾಯಿತು. ಅದರ ಜತೆಗೆ ಮ್ಯಾನೇಜಿಂಗ್ ಏಜೆಂಟರೆಂಬ ನಮ್ಮ ದೇಶದ ವಿಶೇಷವೂ ಸೇರಿಕೊಂಡಿತು. ಡೈರೆಕ್ಟರರು ಹೆಸರಿಗೆ, ಆಡಳಿತವೆಲ್ಲ ಏಜೆಂಟರ ಮನೆಯದು. ಲಾಭ ಬಂದರೆ ಅದರಲ್ಲಿ ಕಮಿಷನ್, ಸರಕು ಕೊಂಡರೆ ಕಮಿಷನ್, ಮಾರಿದರೂ ಕಮಿಷನ್. 1936ರ ತಿದ್ದುಪಡಿಯು ಅವರ ಅವಧಿಗೆ 20 ವರ್ಷಗಳ ಮಿತಿ ಹಾಕಿತು; 1956ರ ಕಾಯಿದೆ ಇನ್ನಷ್ಟು ಬಿಗಿಮಾಡಿತು; ಕಡೆಗೆ 1970ನೆಯ ಏಪ್ರಿಲು 3ರಂದು ಆ ಪದ್ಧತಿಯೇ ಅಳಿಯಿತು. ಏಜೆಂಟರು ಹೋದರು, ‘ಪ್ರವರ್ತಕರು’ ಉಳಿದರು. ಸ್ಥಾಪಕ ಮನೆತನವು ಕಂಪೆನಿಯನ್ನು ತನ್ನ ಪಿತ್ರಾರ್ಜಿತವೆಂದು ಬಗೆಯುವ ಅಭ್ಯಾಸವು ಕಾಯಿದೆಯ ಒಂದು ಗೀಟಿನಿಂದ ಹೋಗತಕ್ಕದ್ದಲ್ಲ.

ಸತ್ಯಂ ಹಗರಣದ ಬಿಸಿಯಲ್ಲಿ ರೂಪುಗೊಂಡ 2013ರ ಕಂಪೆನಿ ಕಾಯಿದೆಯು ಬಹುಮಟ್ಟಿಗೆ ಒಳ್ಳೆಯ ಕಾಯಿದೆಯೇ ಎಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಡೈರೆಕ್ಟರನ ಕರ್ತವ್ಯಗಳೇನೆಂಬುದನ್ನು ನ್ಯಾಯಾಧೀಶರ ತೀರ್ಪುಗಳಲ್ಲಿ ಹುಡುಕಬೇಕಾಗಿದ್ದ ಸ್ಥಿತಿ ಹೋಗಿ, 166ನೆಯ ಕಲಮು ಅವನ್ನು ಬರೆದೇ ಇಟ್ಟಿದೆ: ಸದ್ಭಾವನೆಯಿಂದ ನಡೆಯಬೇಕು, ತಕ್ಕ ಎಚ್ಚರಿಕೆ ವಹಿಸಬೇಕು, ತನ್ನ ಹಿತವೂ ಕಂಪೆನಿಯ ಹಿತವೂ ಘರ್ಷಿಸುವ ಸ್ಥಾನದಲ್ಲಿ ನಿಲ್ಲಬಾರದು, ತನಗಾಗಲಿ ಬಂಧುಗಳಿಗಾಗಲಿ ಅನುಚಿತ ಲಾಭ ಮಾಡಿಕೊಳ್ಳಬಾರದು. 169ನೆಯ ಕಲಮಿನ ಮೇರೆಗೆ ಷೇರುದಾರರು ಸಾಮಾನ್ಯ ಬಹುಮತದಿಂದಲೇ ಡೈರೆಕ್ಟರನನ್ನು ತೆಗೆದುಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, 245ನೆಯ ಕಲಮು ಸಾಮೂಹಿಕ ಫಿರ್ಯಾದಿನ ಹಕ್ಕನ್ನು ಕೊಟ್ಟಿದೆ. 100 ಮಂದಿ ಷೇರುದಾರರು ಸೇರಿದರೆ, ಅಥವಾ ಪೇಟೆಯಲ್ಲಿ ನೋಂದಾಯಿತವಾದ ಕಂಪೆನಿಯಾದರೆ ಷೇರು ಬಂಡವಾಳದ ಶೇಕಡ 2ರಷ್ಟು ಹಿಡಿದವರು ಮುಂದೆ ಬಂದರೆ, ಕಂಪೆನಿ ನ್ಯಾಯಮಂಡಲಿಯು ಡೈರೆಕ್ಟರರಿಂದಲೂ ಆಡಿಟರರಿಂದಲೂ ನಷ್ಟ ಪರಿಹಾರವನ್ನು ಕೊಡಿಸಬಹುದು. ಈ ಕಲಮು 2016ನೆಯ ಜೂನ್ 1ರಿಂದ ಜಾರಿಯಲ್ಲಿದೆ. ಬ್ಯಾಂಕುಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಜನರ ಹಣ ಅತಿ ಹೆಚ್ಚಾಗಿ ಇರುವಲ್ಲಿಯೇ ಈ ವಿನಾಯಿತಿ ಏಕೆಂದು ಕೇಳಬಹುದು.

ಕಾಯಿದೆ ಹೀಗಿದ್ದೂ ಇದರ ಮೇರೆಗೆ ನ್ಯಾಯಮಂಡಲಿಯ ಮೆಟ್ಟಿಲು ಹತ್ತಿದವರು ತೀರ ಅಪರೂಪ. ಏಕೆ? 100 ಜನ ಸಿಕ್ಕುವುದಿಲ್ಲವೆಂದಲ್ಲ. ಒಂದು ದೊಡ್ಡ ಕಂಪೆನಿಗೆ ಲಕ್ಷಗಟ್ಟಲೆ ಷೇರುದಾರರಿರುತ್ತಾರೆ. ಅಡ್ಡಿ ಇರುವುದು ವೆಚ್ಚದಲ್ಲಿ. 30,000 ರೂಪಾಯಿ ಕಳೆದುಕೊಂಡವನು ದೊಡ್ಡ ವಕೀಲರ ಒಂದು ದಿನದ ಫೀಜನ್ನು ಕೊಡಲಾರನು. ಅಮೆರಿಕೆಯಲ್ಲಿ ವಕೀಲನು ಗೆದ್ದರೆ ಪಾಲು, ಸೋತರೆ ಏನೂ ಇಲ್ಲವೆಂಬ ಒಪ್ಪಂದದ ಮೇಲೆ ಕೆಲಸ ಮಾಡುತ್ತಾನೆ; ನಮ್ಮ ವಕೀಲರ ಪರಿಷತ್ತಿನ ನಿಯಮಗಳು ಅದನ್ನು ನಿಷೇಧಿಸಿವೆ. ಆ ನಿಷೇಧ ಸರಿಯೆಂದೇ ನಮ್ಮ ಅಭಿಪ್ರಾಯ. ವಕೀಲರು ದಾವೆಯ ಪಾಲುಗಾರರಾಗುವುದರಿಂದ ಬರುವ ಅನರ್ಥಗಳನ್ನು ಅಮೆರಿಕೆಯವರೇ ಹೇಳಿಕೊಳ್ಳುತ್ತಾರೆ. ಆದರೆ ಒಂದು ಬಾಗಿಲನ್ನು ಮುಚ್ಚಿದವರು ಇನ್ನೊಂದನ್ನು ತೆರೆಯಬೇಕು. ಕಾಯಿದೆಯಲ್ಲಿಯೇ ಆ ಬಾಗಿಲಿದೆ. ಏಳು ವರ್ಷಗಳವರೆಗೆ ಯಾರೂ ಕೇಳದೆ ಉಳಿದ ಡಿವಿಡೆಂಡು ಹಣವೆಲ್ಲ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುತ್ತದೆ. ಸಾಮೂಹಿಕ ಫಿರ್ಯಾದಿನ ವೆಚ್ಚವನ್ನು, ನ್ಯಾಯಮಂಡಲಿಯು ಮಂಜೂರು ಮಾಡಿದಷ್ಟನ್ನು, ಆ ನಿಧಿಯಿಂದ ಹಿಂದಕ್ಕೆ ಕೊಡಬಹುದೆಂದು 125ನೆಯ ಕಲಮು ಹೇಳುತ್ತದೆ. ಮೊದಲು ಕೈಯಿಂದ ಹಾಕಿ, ವರ್ಷಗಳ ಮೇಲೆ ಹಿಂದಕ್ಕೆ ಪಡೆಯಬೇಕು! ಮೊದಲೇ ಕೈಯಲ್ಲಿಲ್ಲದವನಿಗೆ ಈ ಉಪಕಾರದಿಂದ ಏನು ಪ್ರಯೋಜನ?

ವಿಳಂಬವು ಎರಡನೆಯ ಅಡ್ಡಿ. ಇಂಥ ವ್ಯಾಜ್ಯಗಳು ಸಿವಿಲ್ ನ್ಯಾಯಾಲಯಗಳಿಗೆ ಹೋಗಲಾರವು; ಬೆಂಗಳೂರಿನಲ್ಲಿಯೂ ಪೀಠವುಳ್ಳ ಕಂಪೆನಿ ನ್ಯಾಯಮಂಡಲಿಯೇ ನೋಡಬೇಕು. ಆ ಮಂಡಲಿಯ ತಲೆಯ ಮೇಲೆ 2016ರಿಂದ ದಿವಾಳಿ ಮೊಕದ್ದಮೆಗಳ ಭಾರವೂ ಬಿದ್ದಿದೆ. ಷೇರು ಪೇಟೆಯ ನಿಯಂತ್ರಣಾಧಿಕಾರವುಳ್ಳ ಸೆಬಿಯು 2014ರಲ್ಲಿ ರಾಜು ಮತ್ತಿತರರು 1,849 ಕೋಟಿ ರೂಪಾಯಿಗಳನ್ನು ಬಡ್ಡಿಯೊಡನೆ ಕಕ್ಕಬೇಕೆಂದು ಆಜ್ಞೆ ಮಾಡಿತ್ತು. ಆ ಮೊಬಲಗಿನ ಲೆಕ್ಕವು ಅಪೀಲು, ಮರುವಿಚಾರಣೆ, ಮತ್ತೆ ಅಪೀಲುಗಳಲ್ಲಿ ವರ್ಷಾನುಗಟ್ಟಲೆ ಅಲೆದಾಡಿತು. ಹಾಗೆ ಕಕ್ಕಿಸಿದ ಹಣವಾದರೂ ಸೆಬಿಯ ನಿಧಿಗೆ ಹೋಗುತ್ತದೆಯೇ ಹೊರತು ಕಳೆದುಕೊಂಡವನ ಮನೆಗೆ ತಾನಾಗಿ ಬರುವುದಿಲ್ಲ.

ಇನ್ನು ದಂಡದ ಮಾತು. 166ನೆಯ ಕಲಮಿನ ಕರ್ತವ್ಯಗಳನ್ನು ಮೀರಿದ ಡೈರೆಕ್ಟರನಿಗೆ ಆ ಕಲಮು ವಿಧಿಸುವ ಜುಲ್ಮಾನೆ ಎಷ್ಟೆಂದು ಊಹಿಸಿರಿ: ಕನಿಷ್ಠ 1 ಲಕ್ಷ, ಗರಿಷ್ಠ 5 ಲಕ್ಷ ರೂಪಾಯಿ! ನೂರಾರು ಕೋಟಿ ವಹಿವಾಟಿನ ಕಂಪೆನಿಯ ಡೈರೆಕ್ಟರನು ಅದನ್ನು ಒಂದು ಸಂಜೆಯ ಭೋಜನಕೂಟದ ವೆಚ್ಚವೆಂದು ಬರೆದುಕೊಂಡಾನು. ವಂಚನೆಯೇ ಸಿದ್ಧವಾದರೆ 447ನೆಯ ಕಲಮಿನಲ್ಲಿ ಸೆರೆಮನೆಯುಂಟು, ನಿಜ. ಆದರೆ ವಂಚನೆಯಲ್ಲದ, ಬರಿಯ ಅಲಕ್ಷ್ಯದಿಂದಲೂ ದಾಕ್ಷಿಣ್ಯದಿಂದಲೂ ಆಗುವ ಹಾನಿಯೇನು ಸ್ವಲ್ಪವೆ?

ಇದಕ್ಕೆ ಪ್ರತಿಯಾಗಿ ಒಂದು ವಾದವುಂಟು. ದಾವೆಗಳ ಭಯ ಹೆಚ್ಚಾದರೆ ಯೋಗ್ಯರಾದವರು ಡೈರೆಕ್ಟರರಾಗಲು ಮುಂದೆ ಬರುವುದಿಲ್ಲ, ವ್ಯಾಪಾರದಲ್ಲಿ ಸಾಹಸ ಮಾಡುವವರೇ ಇರುವುದಿಲ್ಲವೆಂದು ವಾಣಿಜ್ಯಮಂಡಲಿಗಳವರು ಹೇಳುತ್ತಾರೆ. ಸತ್ಯಂ ಹಗರಣವಾದ ಮೇಲೆ ಬೇರೆ ಬೇರೆ ಕಂಪೆನಿಗಳಿಂದ ಸ್ವತಂತ್ರ ಡೈರೆಕ್ಟರರು ಸಾಲುಸಾಲಾಗಿ ರಾಜೀನಾಮೆ ಕೊಟ್ಟದ್ದು ನಿಜ. ವ್ಯಾಪಾರದಲ್ಲಿ ಸದ್ಭಾವನೆಯಿಂದ ಮಾಡಿದ ತಪ್ಪಿಗೆ ಯಾರನ್ನೂ ದಂಡಿಸಬಾರದೆಂಬುದನ್ನು ನಾವೂ ಒಪ್ಪುತ್ತೇವೆ, ಕಾಯಿದೆಯೂ ಒಪ್ಪಿದೆ. ಸ್ವತಂತ್ರ ಡೈರೆಕ್ಟರನು ತನಗೆ ತಿಳಿದು ನಡೆದ, ತಾನು ಸಮ್ಮತಿಸಿದ, ಅಥವಾ ತಾನು ತಕ್ಕ ಶ್ರದ್ಧೆ ವಹಿಸದೆಹೋದ ಕಾರ್ಯಗಳಿಗೆ ಮಾತ್ರ ಹೊಣೆಯೆಂದು 149ನೆಯ ಕಲಮು ಅವನಿಗೆ ಕೊಡೆ ಹಿಡಿದಿದೆ. ಅಷ್ಟರಿಂದಲೂ ಹೆದರುವವರು ಆ ಕುರ್ಚಿಯಲ್ಲಿ ಕೂರದಿರುವುದೇ ಲೇಸು. ಬ್ರಿಟನ್ನಿನಲ್ಲಿ ಹಿಂದೆ ಬ್ಯೂಟ್ ಮಾರ್ಕ್ವಿಸ್ ಎಂಬ ಶ್ರೀಮಂತರೊಬ್ಬರು ಕಾರ್ಡಿಫಿನ ಉಳಿತಾಯದ ಬ್ಯಾಂಕಿಗೆ ಆರು ತಿಂಗಳ ಶಿಶುವಾಗಿದ್ದಾಗಲೇ, ತಂದೆಯ ಉತ್ತರಾಧಿಕಾರಿಯಾಗಿ, ಅಧ್ಯಕ್ಷರಾದರು. ಮೂವತ್ತೆಂಟು ವರ್ಷಗಳಲ್ಲಿ ಅವರು ಹಾಜರಾದದ್ದು ಒಂದೇ ಸಭೆಗೆ. ಬ್ಯಾಂಕು ಮುಳುಗಿದ ಮೇಲೆ 1892ರಲ್ಲಿ ನ್ಯಾಯಾಲಯವು, ಏನನ್ನೂ ಮಾಡದವರು ಯಾವುದಕ್ಕೂ ಹೊಣೆಯಲ್ಲವೆಂಬಂತೆ ಅವರನ್ನು ಬಿಟ್ಟುಬಿಟ್ಟಿತು. ತೊಟ್ಟಿಲಿನ ಅಧ್ಯಕ್ಷರು ಈಗ ಇಲ್ಲದಿದ್ದರೂ, ಸಭೆಯ ಫೀಜು ತೆಗೆದುಕೊಂಡು ತಲೆಯಾಡಿಸಿ ಬರುವ ಮಹನೀಯರು ಇಲ್ಲವೆನ್ನಲಾಗದು. ಇಂಥವರ ಹೊಣೆಗಾಗಿ ವಿಮೆಯುಂಟು. ಆ ವಿಮೆಯ ಕಂತನ್ನು ಕಟ್ಟುವುದೂ ಕಂಪೆನಿಯೇ, ಎಂದರೆ ಷೇರುದಾರನೇ.

ಹಾಗೆಂದು ಎಲ್ಲವೂ ನಿರಾಶೆಯ ಕಥೆಯೇನೂ ಅಲ್ಲ. ದಾವೆ ಹೂಡಲಾಗದಿದ್ದರೂ ಮತ ಹಾಕಬಹುದು. ಮತವನ್ನು ಮನೆಯಲ್ಲಿ ಕುಳಿತೇ ಹಾಕಲು ಈ ಕಾಯಿದೆ ಅನುಕೂಲ ಮಾಡಿದೆ. ನಮ್ಮ ಬೆಂಗಳೂರಿನದೇ ಆದ ಯುನೈಟೆಡ್ ಸ್ಪಿರಿಟ್ಸ್ ಕಂಪೆನಿಯ ಸಭೆಯಲ್ಲಿ 2014ನೆಯ ನವೆಂಬರು 28ರಂದು, ವಿಜಯ ಮಲ್ಯರ ಸಮೂಹದ ಇತರ ಸಂಸ್ಥೆಗಳೊಡನೆ ಮಾಡಿಕೊಂಡ ಒಪ್ಪಂದಗಳನ್ನು ಕುರಿತ 12 ಠರಾವುಗಳ ಪೈಕಿ 9 ಬಿದ್ದುಹೋದವು. 2017ನೆಯ ಜೂನಿನಲ್ಲಿ ರೇಮಂಡ್ ಕಂಪೆನಿಯು ಮುಂಬಯಿಯ ಜೆ.ಕೆ. ಹೌಸಿನಲ್ಲಿನ ಮನೆಗಳನ್ನು ಪ್ರವರ್ತಕರ ಕುಟುಂಬಕ್ಕೆ ಪೇಟೆಯ ಧಾರಣೆಗಿಂತ ಬಹಳ ಕಡಮೆಗೆ ಮಾರುವ ಪ್ರಸ್ತಾಪ ಬಂದಾಗ, ಬಿದ್ದ ಮತಗಳಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ವಿರುದ್ಧವಾಗಿದ್ದವು. ಈ ಎರಡು ಸಂದರ್ಭಗಳಲ್ಲಿಯೂ ಗೆಲುವಿಗೆ ಕಾರಣವಾದದ್ದು ಒಂದು ಸರಳ ನಿಯಮ: ವ್ಯವಹಾರದಲ್ಲಿ ಸ್ವಂತ ಹಿತವುಳ್ಳವನು ಆ ಠರಾವನ್ನು ಗೆಲ್ಲಿಸಲು ಮತ ಹಾಕಕೂಡದು. 1843ರ ಮ್ಯಾಂಚೆಸ್ಟರಿನಲ್ಲಿ ಇಲ್ಲದಿದ್ದದ್ದು ಇದೇ. ಆದರೆ ಈ ಒಳ್ಳೆಯ ನಿಯಮವೂ ಬಲಿಷ್ಠವಾಗಿಯೇ ಉಳಿಯಲಿಲ್ಲ. ಬಂಧುವ್ಯವಹಾರಗಳಿಗೆ ಮುಕ್ಕಾಲು ಪಾಲು ಮತ ಬೇಕೆಂದಿದ್ದುದನ್ನು 2015ರ ತಿದ್ದುಪಡಿಯು ಸಾಮಾನ್ಯ ಬಹುಮತಕ್ಕೆ ಇಳಿಸಿತು. ಕಾಯಿದೆ ಜಾರಿಗೆ ಬಂದು ಎರಡು ವರ್ಷ ತುಂಬುವ ಮೊದಲೇ ಯಾರ ಅನುಕೂಲಕ್ಕಾಗಿ ಈ ಆತುರವೆಂದು ಆಗಲೇ ಕೇಳಬೇಕಾಗಿತ್ತು.

ಸಣ್ಣ ಷೇರುದಾರರ ಪಾಲಿಗೆ ಇನ್ನೊಂದು ಬಲವೂ ಬಂದಿದೆ. ಅವರ ಉಳಿತಾಯವನ್ನು ಒಟ್ಟುಗೂಡಿಸಿ ಷೇರು ಕೊಳ್ಳುವ ಮ್ಯೂಚುಯಲ್ ಫಂಡುಗಳು 2022ನೆಯ ಏಪ್ರಿಲಿನಿಂದ ಎಲ್ಲ ಠರಾವುಗಳ ಮೇಲೂ ಮತ ಹಾಕಲೇಬೇಕೆಂದು ಸೆಬಿ ವಿಧಿಸಿದೆ. ಹೇಗೆ ಮತ ಹಾಕಿದೆವೆಂಬುದನ್ನು ಅವು ಪ್ರಕಟಿಸಬೇಕು. ತಿಂಗಳಿಗೆ 2,000 ರೂಪಾಯಿ ಕಟ್ಟುವ ಗುಮಾಸ್ತನಿಗೂ ತನ್ನ ಫಂಡಿನವರನ್ನು ‘ಇಂಥ ಠರಾವಿಗೆ ನೀವು ಏಕೆ ಒಪ್ಪಿದಿರಿ?’ ಎಂದು ಕೇಳುವ ಹಕ್ಕು ಇದರಿಂದ ಬಂದಿದೆ.

ಸರ್ಕಾರದವರು ಮಾಡಬೇಕಾದುದು ಹೊಸ ಕಾಯಿದೆಯಲ್ಲ. 100 ಮಂದಿ ಷೇರುದಾರರು ತಂದ ಫಿರ್ಯಾದನ್ನು ನ್ಯಾಯಮಂಡಲಿಯು ಮೇಲುನೋಟಕ್ಕೆ ಯೋಗ್ಯವೆಂದು ಸ್ವೀಕರಿಸಿದ ದಿನವೇ, ಅದರ ವೆಚ್ಚವನ್ನು ರಕ್ಷಣಾ ನಿಧಿಯಿಂದ ಮುಂಗಡವಾಗಿ ಕೊಡುವಂತೆ ನಿಯಮವನ್ನು ತಿದ್ದಲಿ. ಆ ನಿಧಿಯ ಹಣವು ಷೇರುದಾರರದೇ. 166ನೆಯ ಕಲಮಿನ ಜುಲ್ಮಾನೆಯನ್ನು ಲಕ್ಷಗಳಲ್ಲಿ ಗೊತ್ತುಮಾಡುವ ಬದಲು ಕಂಪೆನಿಗಾದ ನಷ್ಟಕ್ಕೆ ಅನುಗುಣವಾಗಿಡಲಿ. ಪರಿಹಾರವನ್ನು ಕೊಡಿಸುವಾಗ ಮೊದಲು ತಪ್ಪಿತಸ್ಥರಾದ ಡೈರೆಕ್ಟರರ ಸ್ವಂತ ಆಸ್ತಿಗೆ ಕೈಹಾಕಿ, ಅದು ಸಾಲದಿದ್ದರೆ ಮಾತ್ರ ಕಂಪೆನಿಯ ಬೊಕ್ಕಸಕ್ಕೆ ಹೋಗುವ ಕ್ರಮವನ್ನು ಸ್ಪಷ್ಟಪಡಿಸಲಿ. ಇಲ್ಲವಾದರೆ ಬಲಗಿಸೆಯಿಂದ ತೆಗೆದು ಎಡಗಿಸೆಗೆ ಹಾಕಿದ ಹಾಗಾಗುವುದು. ನ್ಯಾಯಮಂಡಲಿಯಲ್ಲಿ ಇಂಥ ಫಿರ್ಯಾದುಗಳಿಗೆಂದೇ ಪ್ರತ್ಯೇಕ ದಿನಗಳನ್ನು ಗೊತ್ತುಮಾಡಲಿ. ಇನ್ನು ಷೇರುದಾರರು: ಸಭೆಯ ನೋಟೀಸಿನಲ್ಲಿ ‘ಸಂಬಂಧಿತ ಪಕ್ಷಗಳೊಡನೆ ವ್ಯವಹಾರ’ ಎಂಬ ತಲೆಬರಹದ ಪುಟವೊಂದಿದ್ದರೆ, ಬೇರೇನನ್ನು ಓದದಿದ್ದರೂ ಅದನ್ನು ಓದಿ, ಮತದಾನದ ಅವಧಿ ಮುಗಿಯುವ ಮುನ್ನ ಮತ ಹಾಕಲಿ.